ಮೀನುಗಾರಿಕಾ ದೋಣಿಗಳ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ವಿದ್ಯುತ್ ವೈಫಲ್ಯ

ಆಳ ಸಮುದ್ರಕ್ಕೆ ಹೋಗುವ ಮೀನುಗಾರಿಕಾ ದೋಣಿಯ ಚುಕ್ಕಾಣಿ ಕೋಣೆಯಲ್ಲಿ ಇಂದು ಕನಿಷ್ಠ ಮೂರು ನಾಲ್ಕು ಎಲೆಕ್ಟ್ರಾನಿಕ್ ಉಪಕರಣಗಳಿರುತ್ತವೆ. ಸ್ಥಾನವನ್ನೂ ದಾರಿಯನ್ನೂ ತಿಳಿಸಲು ಜಿಪಿಎಸ್, ನೀರಿನ ಆಳ ಮತ್ತು ಮೀನಿನ ಗುಂಪನ್ನು ತೋರಿಸಲು ಫಿಶ್ ಫೈಂಡರ್, ಮಾತಿಗೆ ವಿಎಚ್‌ಎಫ್ ವೈರ್‌ಲೆಸ್, ದೋಣಿ ಎಲ್ಲಿದೆಯೆಂದು ಸುತ್ತಲಿನ ಹಡಗುಗಳಿಗೂ ದಡಕ್ಕೂ ಸಾರಲು ಎಐಎಸ್ ಅಥವಾ ಉಪಗ್ರಹ ಟ್ರಾನ್ಸ್‌ಪಾಂಡರ್. ಇವೆಲ್ಲಕ್ಕೂ ಮೂಲ ಎಂಜಿನ್ ಕೋಣೆಯಲ್ಲಿರುವ 12 ಅಥವಾ 24 ವೋಲ್ಟ್ ಬ್ಯಾಟರಿ. ಆ ಬ್ಯಾಟರಿಯಿಂದ ಉಪಕರಣಕ್ಕೆ ವಿದ್ಯುತ್ತು ತಲುಪದಿರುವುದು, ಅಥವಾ ತಲುಪಿದರೂ ಕೆಲಸಕ್ಕೆ ಸಾಲದಿರುವುದು, ಇವೆರಡನ್ನೂ ಸೇರಿಸಿ ವಿದ್ಯುತ್ ವೈಫಲ್ಯ ಎನ್ನಬಹುದು. ಎರಡನೆಯದೇ ಹೆಚ್ಚು ತೊಡಕಿನದು. ಪರದೆ ಪೂರ್ತಿ ಕತ್ತಲಾದರೆ ಏನೋ ಕೆಟ್ಟಿದೆಯೆಂದು ಎಲ್ಲರಿಗೂ ಗೊತ್ತಾಗುತ್ತದೆ. ಪರದೆ ಬೆಳಗುತ್ತಲೇ ಇದ್ದು ಬೇಕಾದ ಹೊತ್ತಿಗೆ ಮಾತ್ರ ಆರಿಹೋದರೆ ದೂರು ಎಲ್ಲೆಲ್ಲಿಗೋ ಹೋಗುತ್ತದೆ. ಹೀಗಾದಾಗ ಸಾಮಾನ್ಯವಾಗಿ ಆರೋಪಕ್ಕೆ ಗುರಿಯಾಗುವುದು ಎರಡು ವಸ್ತುಗಳು, ಒಂದು ಉಪಕರಣ, ಇನ್ನೊಂದು ಬ್ಯಾಟರಿ. ಆದರೆ ದೋಷ ಬಹುಮಟ್ಟಿಗೆ ಇರುವುದು ಇವೆರಡರ ನಡುವಿನ ಹಾದಿಯಲ್ಲಿ, ಎಂದರೆ ವೈರು, ಫ್ಯೂಸು, ಸ್ವಿಚ್ಚು ಮತ್ತು ಜೋಡಣೆಗಳಲ್ಲಿ. ಅದನ್ನು ಹಿಡಿಯಬೇಕಾದರೆ ಉಪಕರಣ ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು.

ಕರ್ನಾಟಕದ ಕರಾವಳಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 320 ಕಿ.ಮೀ. ಚಾಚಿದೆ. ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದ ಬೈತಖೋಲ್ ಇಲ್ಲಿನ ಮುಖ್ಯ ಮೀನುಗಾರಿಕಾ ಬಂದರುಗಳು. ಇವುಗಳಲ್ಲಿ ಮಲ್ಪೆಯದೇ ದೊಡ್ಡದು. ದೋಣಿಗಳು ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದ ಕಾಲದಲ್ಲಿ ದೋಣಿ ನಡೆಸುವ ತಾಂಡೇಲನಿಗೆ ದಡದ ಗುಡ್ಡ, ದೇವಸ್ಥಾನದ ಶಿಖರ, ದೀಪಸ್ತಂಭಗಳೇ ಗುರುತಾಗಿದ್ದವು. 1970ರ ದಶಕದ ನಡುವೆ ಪರ್ಸಿನ್ ಬಲೆ ಬಂತು, ಟ್ರಾಲ್ ದೋಣಿಗಳು ದೊಡ್ಡವಾದವು, ಒಂದು ಸಲ ಹೊರಟರೆ ವಾರಕ್ಕೂ ಮೀರಿ ಕಡಲಲ್ಲಿದ್ದು ಗೋವಾ, ಮಹಾರಾಷ್ಟ್ರದ ಕಡೆಗೋ ಕೇರಳದ ಕಡೆಗೋ ಹೋಗುವ ರೂಢಿ ಬೆಳೆಯಿತು. ದಡ ಕಾಣದ ಕಡೆ ದುಡಿಯುವವರಿಗೆ ಉಪಕರಣ ಅನಿವಾರ್ಯವಾಯಿತು. ಅಮೆರಿಕ 2000ದ ಮೇ ತಿಂಗಳಲ್ಲಿ ನಾಗರಿಕ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆ, ನೂರು ಮೀಟರಿನಷ್ಟಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಬಲೆ ಹರಿಯುವ ಬಂಡೆ ಎಲ್ಲಿದೆ, ಹೋದ ವರ್ಷ ಮೀನು ಸಿಕ್ಕ ಜಾಗ ಯಾವುದು ಎಂಬುದನ್ನೆಲ್ಲ ಪೆಟ್ಟಿಗೆಯೊಳಗೇ ಗುರುತು ಹಾಕಿಡುವಂತಾಯಿತು. ತಾಂಡೇಲರ ತಲೆಯಲ್ಲಿದ್ದ ಕಡಲಿನ ನಕ್ಷೆ ಹೀಗೆ ಬ್ಯಾಟರಿಯನ್ನು ನಂಬಿದ ಯಂತ್ರಕ್ಕೆ ವರ್ಗವಾಯಿತು. ಅನುಕೂಲ ದೊಡ್ಡದು, ಅವಲಂಬನೆಯೂ ಅಷ್ಟೇ ದೊಡ್ಡದು.

ಮೀನುಗಾರಿಕೆಯ ಲಾಭನಷ್ಟಕ್ಕಿಂತ ದೊಡ್ಡ ಪ್ರಶ್ನೆ ಸುರಕ್ಷತೆಯದು. 2008ರ ಮುಂಬೈ ದಾಳಿಯಲ್ಲಿ ಮೀನುಗಾರಿಕಾ ದೋಣಿಯೊಂದನ್ನು ಅಪಹರಿಸಿ ಬಳಸಿದ ಮೇಲೆ, 20 ಮೀಟರಿಗಿಂತ ಉದ್ದದ ದೋಣಿಗಳಿಗೆ ಎಐಎಸ್ ಅಳವಡಿಸಬೇಕೆಂಬ ನಿಯಮ ಬಂತು. 2017ರ ಕೊನೆಯಲ್ಲಿ ಓಖಿ ಚಂಡಮಾರುತ ಬೀಸಿದಾಗ ಆಳ ಸಮುದ್ರದಲ್ಲಿದ್ದ ಕೇರಳ, ತಮಿಳುನಾಡಿನ ಅನೇಕ ದೋಣಿಗಳಿಗೆ ಎಚ್ಚರಿಕೆಯೇ ತಲುಪಲಿಲ್ಲ. ಆ ಬಳಿಕ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳಿಗೆ ಒತ್ತು ಸಿಕ್ಕಿತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ನೆಚ್ಚರಿಕೆಯನ್ನು ಮೊಬೈಲಿಗೆ ದಾಟಿಸುವ ಜೆಮಿನಿ ಸಾಧನವನ್ನು 2019ರಲ್ಲಿ ಬಳಕೆಗೆ ತಂದಿತು. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಸ್ರೊ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್ ಒದಗಿಸುವ ಕೇಂದ್ರ ಸರ್ಕಾರದ ಯೋಜನೆಗೆ ಚಾಲನೆ ಸಿಕ್ಕಿತು. ಇವೆಲ್ಲವೂ ದೋಣಿಯೊಳಗೆ ವಿದ್ಯುತ್ತು ಇದ್ದೇ ಇರುತ್ತದೆ ಎಂಬ ಊಹೆಯ ಮೇಲೆ ನಿಂತಿವೆ. ಸಂಕೇತ ನಿಂತರೆ ದಡದಲ್ಲಿರುವವರಿಗೆ ಏನು ತಿಳಿಯುತ್ತದೆ? 2018ರ ಡಿಸೆಂಬರ್ 13ರಂದು ಏಳು ಮಂದಿಯೊಡನೆ ಮಲ್ಪೆ ಬಿಟ್ಟ ಸುವರ್ಣ ತ್ರಿಭುಜ ದೋಣಿ ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. 2019ರ ಮೇ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ ಪತ್ತೆ ಮಾಡಿತು. ಆ ದುರಂತವನ್ನು ವಿದ್ಯುತ್ ದೋಷದ ಲೆಕ್ಕಕ್ಕೆ ಸೇರಿಸಲು ಯಾವ ಆಧಾರವೂ ಇಲ್ಲ, ಸೇರಿಸಲೂ ಬಾರದು. ಅದನ್ನು ಇಲ್ಲಿ ಹೇಳಿದ್ದು ಒಂದೇ ಕಾರಣಕ್ಕೆ: ಮುಳುಗಿದ ದೋಣಿಯ ಮೌನವೂ ಫ್ಯೂಸು ಹೋದ ದೋಣಿಯ ಮೌನವೂ ದಡದಲ್ಲಿ ಕುಳಿತವರಿಗೆ ಒಂದೇ ತೆರನಾಗಿ ಕೇಳಿಸುತ್ತದೆ. ಕಿಲುಬು ಹಿಡಿದ ತಂತಿಯಿಂದಾಗಿ ಸುಳ್ಳು ಗಾಬರಿ ಹುಟ್ಟುತ್ತಿದ್ದರೆ ನಿಜವಾದ ಗಾಬರಿಗೆ ಬೆಲೆ ಇಳಿಯುತ್ತದೆ.

ದೋಷ ಹಾದಿಯಲ್ಲೇ ಇರುತ್ತದೆಂಬುದಕ್ಕೆ ಮೊದಲ ಆಧಾರ ಓಮ್‌ನ ನಿಯಮ. ತಂತಿಯಲ್ಲಿ ಕಳೆದುಹೋಗುವ ವೋಲ್ಟೇಜು ಎಂದರೆ ಹರಿಯುವ ಕರೆಂಟು ಗುಣಿಸು ತಂತಿಯ ರೋಧ. 1.5 ಚದರ ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.012 ಓಮ್ ರೋಧವಿದೆ. ಎಂಜಿನ್ ಕೋಣೆಯಿಂದ ಚುಕ್ಕಾಣಿ ಕೋಣೆಗೆ ವೈರಿನ ದಾರಿ 10 ಮೀಟರ್ ಎಂದುಕೊಂಡರೆ, ಹೋಗಿ ಬರುವ ಎರಡೂ ತಂತಿ ಸೇರಿ 20 ಮೀಟರ್, ರೋಧ 0.24 ಓಮ್. ವಿಎಚ್‌ಎಫ್ ವೈರ್‌ಲೆಸ್ ಬರೀ ಕೇಳಿಸಿಕೊಳ್ಳುವಾಗ ಅರ್ಧ ಆಂಪಿಯರಿಗಿಂತ ಕಡಿಮೆ ಎಳೆಯುತ್ತದೆ, ನಷ್ಟ 0.1 ವೋಲ್ಟ್, ಲೆಕ್ಕಕ್ಕೇ ಇಲ್ಲ. ಗುಂಡಿ ಒತ್ತಿ 25 ವಾಟ್ ಶಕ್ತಿಯಲ್ಲಿ ಮಾತಾಡಲು ಹೊರಟರೆ ಅದೇ ಸೆಟ್ಟು ಸುಮಾರು 6 ಆಂಪಿಯರ್ ಕೇಳುತ್ತದೆ, ನಷ್ಟ 1.4 ವೋಲ್ಟ್. ಬ್ಯಾಟರಿಯ ತುದಿಯಲ್ಲಿ 12.4 ಇದ್ದರೂ ಸೆಟ್ಟಿಗೆ ಸಿಕ್ಕುವುದು 11. ಇಂಥ ಸೆಟ್ಟುಗಳು ಸಾಮಾನ್ಯವಾಗಿ 13.8 ವೋಲ್ಟಿಗೆ, ಅದರಿಂದ ಆಚೀಚೆ ಶೇ. 15ರಷ್ಟು ಏರಿಳಿತಕ್ಕೆ ರೂಪಿಸಿದವು, 11.7ಕ್ಕಿಂತ ಕೆಳಗೆ ಹೋದರೆ ಅವುಗಳ ನಡವಳಿಕೆಗೆ ಭರವಸೆಯಿಲ್ಲ. ಬೇರೆಯವರ ಮಾತೆಲ್ಲ ಸ್ಪಷ್ಟವಾಗಿ ಕೇಳಿಸುವ, ತಾನು ಮಾತಾಡಲು ಹೋದರೆ ಮಾತ್ರ ಆರಿಹೋಗುವ ವೈರ್‌ಲೆಸ್ಸಿನ ರಹಸ್ಯ ಇಷ್ಟೇ. ಈ ಲೆಕ್ಕದಲ್ಲಿ ಬ್ಯಾಟರಿಯೂ ಸರಿಯಿದೆ, ಸೆಟ್ಟೂ ಸರಿಯಿದೆ. ಹೊಸ ತಂತಿಯೇ ಇಷ್ಟು ಕಳೆಯುವಾಗ, ಹಾದಿಯಲ್ಲಿ ಒಂದೇ ಒಂದು ಜೋಡಣೆ ಕಿಲುಬು ಹಿಡಿದು 0.2 ಓಮ್ ರೋಧ ಸೇರಿಸಿದರೂ ಇನ್ನೊಂದು 1.2 ವೋಲ್ಟ್ ಮಾಯವಾಗುತ್ತದೆ.

ಕಡಲು ಕಾಣದ ಕೋಲಾರ ಜಿಲ್ಲೆಯ ಓದುಗರಿಗೆ ಇದು ಅಪರಿಚಿತ ವಿದ್ಯೆಯಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೆರೆಗಳಲ್ಲಿ ಮೀನು ಹಿಡಿಯುವುದು ತೆಪ್ಪ ಮತ್ತು ಬಲೆಯಿಂದ; ತೆಪ್ಪದ ಮೇಲೆ ಜಿಪಿಎಸ್ ಏರಿಲ್ಲ, ಏರುವ ಅಗತ್ಯವೂ ಇಲ್ಲ. ಆದರೆ ಮಾಸ್ತಿ ಹೋಬಳಿಯಲ್ಲಿ ಸಾವಿರ ಅಡಿ ಆಳದ ಬೋರಿಗೆ ಮೋಟರು ಇಳಿಸಿರುವ ರೈತ ಈ ದೋಷವನ್ನು ದಿನವೂ ಕಾಣುತ್ತಾನೆ: ಮೋಟರು ನಿಂತಿರುವಾಗ ಸ್ಟಾರ್ಟರಿನ ಮುಳ್ಳು 400 ವೋಲ್ಟ್ ತೋರುತ್ತದೆ, ಹಸಿರು ಗುಂಡಿ ಒತ್ತಿದೊಡನೆ ಮುಳ್ಳು ಕುಸಿಯುತ್ತದೆ, ಸ್ಟಾರ್ಟರು ಬಿಟ್ಟುಕೊಳ್ಳುತ್ತದೆ. ಮುಳ್ಳು ಮೊದಲು ತೋರಿದ 400 ಸುಳ್ಳಲ್ಲ, ಆದರೆ ಅದು ಹೊರೆ ಹೊರದವನ ಬಲದ ಮಾತು. ಹಳ್ಳಿಯ ಲೈನಿನ ಕೊನೆಯಲ್ಲಿರುವ ಪಂಪಿಗೂ ಬ್ಯಾಟರಿಯಿಂದ ದೂರವಿರುವ ವೈರ್‌ಲೆಸ್ಸಿಗೂ ಕಷ್ಟ ಒಂದೇ, ಅಳತೆ ಬೇರೆ. 415 ವೋಲ್ಟಿನಲ್ಲಿ ಒಂದು ವೋಲ್ಟ್ ಕಳೆದುಹೋದರೆ ಶೇಕಡ ಕಾಲು ಭಾಗವೂ ಆಗದು; 12 ವೋಲ್ಟಿನಲ್ಲಿ ಒಂದು ವೋಲ್ಟ್ ಎಂದರೆ ಶೇ. 8ಕ್ಕೂ ಹೆಚ್ಚು. ಮನೆಯಲ್ಲಿ ಕ್ಷಮೆಗೆ ಪಾತ್ರವಾಗುವ ಸಡಿಲ ಜೋಡಣೆ ದೋಣಿಯಲ್ಲಿ ಉಪಕರಣವನ್ನೇ ನಿಲ್ಲಿಸುತ್ತದೆ.

ಎರಡನೆಯ ಆಧಾರ ಕಡಲ ಗಾಳಿಯದು. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಲವಣವಿದೆ. ಅಲೆಯ ಹನಿ ಆರಿದ ಮೇಲೆ ಉಳಿಯುವ ಉಪ್ಪು, ನೀರು ಮತ್ತೆ ಸಿಡಿಯದಿದ್ದರೂ, ಗಾಳಿಯಿಂದಲೇ ತೇವ ಹೀರುತ್ತದೆ. ಗಾಳಿಯ ತೇವಾಂಶ ಶೇ. 75ನ್ನು ದಾಟಿದರೆ ಅಡುಗೆ ಉಪ್ಪು ತಾನಾಗಿ ಕರಗತೊಡಗುತ್ತದೆ. ಕಡಲುಪ್ಪಿನಲ್ಲಿರುವ ಮೆಗ್ನೀಷಿಯಂ ಲವಣಗಳಿಗೆ ಅದರ ಅರ್ಧದಷ್ಟು ತೇವವೂ ಸಾಕು. ನಮ್ಮ ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ತೇವಾಂಶ ಈ ಎರಡೂ ಮಟ್ಟಗಳಿಗಿಂತ ಮೇಲೆಯೇ ಇರುವುದರಿಂದ ಟರ್ಮಿನಲ್ಲಿನ ಮೇಲಿನ ಉಪ್ಪಿನ ಪದರ ಆರುವುದೇ ಇಲ್ಲ. ವಿದ್ಯುತ್ತು, ತೇವ, ಉಪ್ಪು, ಜೊತೆಗೆ ತಾಮ್ರಕ್ಕೆ ತಗುಲಿದ ಕಬ್ಬಿಣದ ತಿರುಪು ಅಥವಾ ಹಿತ್ತಾಳೆಯ ಹಿಡಿಕೆ, ಇಷ್ಟು ಕೂಡಿದರೆ ಕಿಲುಬಿಗೆ ಬೇರೇನೂ ಬೇಡ. ಅದು ಹೊರಗೆ ಹಸಿರಾಗಿ ಕಂಡರೆ ಅದೃಷ್ಟ. ಎಷ್ಟೋ ಸಲ ತಂತಿಯ ಎಳೆಗಳ ನಡುವಿನ ಸಂದಿಯಲ್ಲಿ ತೇವ ಒಳಗೆ ಏರಿ, ಪ್ಲಾಸ್ಟಿಕ್ ಕವಚದೊಳಗೆ ಅಂಗುಲಗಟ್ಟಲೆ ತಾಮ್ರ ಕಪ್ಪಾಗಿರುತ್ತದೆ; ಹೊರಗಿನಿಂದ ನೋಡಿದರೆ ವೈರು ಹೊಸದರಂತೆಯೇ ಇರುತ್ತದೆ. ಡೀಸೆಲ್ ಎಂಜಿನ್ನಿನ ನಡುಕ ಇದರ ಮೇಲೊಂದು. ದಿನಗಟ್ಟಲೆ ನಿಲ್ಲದೆ ನಡುಗುವ ಮರದ ಅಥವಾ ಉಕ್ಕಿನ ಒಡಲಿನಲ್ಲಿ ತಿರುಪು ಸಡಿಲವಾಗುತ್ತದೆ, ಬೆಸುಗೆ ಹಾಕಿ ಗಡುಸಾದ ತಂತಿಯ ತುದಿ ಆ ಗಡುಸಿನ ಅಂಚಿನಲ್ಲೇ ಮುರಿಯುತ್ತದೆ.

ಇಷ್ಟಿದ್ದರೂ ದುರಸ್ತಿಯ ಅನುಭವ ಬೇರೆಯದನ್ನೇ ಹೇಳುತ್ತದೆಯಲ್ಲ ಎಂದು ಕೇಳಬಹುದು. ಬ್ಯಾಟರಿ ಬದಲಿಸಿದರೆ ಸರಿಹೋಗುತ್ತದೆ, ಉಪಕರಣ ಬದಲಿಸಿದರೆ ಸರಿಹೋಗುತ್ತದೆ. ಹಾಗಿದ್ದ ಮೇಲೆ ದೋಷ ಅಲ್ಲೇ ಇದ್ದಿರಬೇಕು. ಈ ವಾದ ಬಲವಾಗಿ ಕಾಣುತ್ತದೆ, ಆದರೆ ಬದಲಿಸುವ ಕೆಲಸ ಹೇಗೆ ನಡೆಯುತ್ತದೆಂದು ನೋಡಿದರೆ ಸಡಿಲವಾಗುತ್ತದೆ. ಹೊಸ ಬ್ಯಾಟರಿ ಕೂರಿಸುವವನು ಹಳೆಯ ಕ್ಲಾಂಪುಗಳನ್ನು ಕಳಚುತ್ತಾನೆ, ಮರಳುಕಾಗದದಿಂದ ಉಜ್ಜುತ್ತಾನೆ, ಬಿಗಿಯಾಗಿ ಮತ್ತೆ ತಿರುಪುತ್ತಾನೆ. ಹೊಸ ಫಿಶ್ ಫೈಂಡರು ಬರುವಾಗ ತನ್ನದೇ ಹೊಸ ವೈರು, ಹೊಸ ಫ್ಯೂಸು, ಹೊಸ ಪ್ಲಗ್ಗಿನೊಂದಿಗೆ ಬರುತ್ತದೆ. ಕಿಲುಬು ಹಿಡಿದಿದ್ದ ಜೋಡಣೆ ಎರಡೂ ಸಂದರ್ಭಗಳಲ್ಲಿ ಯಾರೂ ಗಮನಿಸದೆ ಶುದ್ಧವಾಗಿಬಿಡುತ್ತದೆ. ಗುಣವಾದದ್ದರ ಕೀರ್ತಿ ಹೊಸ ವಸ್ತುವಿಗೆ, ಅಪಕೀರ್ತಿ ಹಳೆಯದಕ್ಕೆ. ಹಳೆಯ ಬ್ಯಾಟರಿ ವಿನಿಮಯಕ್ಕೆ ಅಂಗಡಿ ಸೇರಿರುವುದರಿಂದ ಅದರ ನಿರಪರಾಧವನ್ನು ಸಾಬೀತುಪಡಿಸಲು ಯಾರೂ ಉಳಿದಿರುವುದಿಲ್ಲ. ಏನನ್ನು ಬದಲಿಸಿದರೆಂಬುದರಿಂದ ಏನು ಕೆಟ್ಟಿತ್ತೆಂದು ನಿರ್ಣಯಿಸುವುದು ಇಲ್ಲಿ ನಡೆಯುವ ಮೂಲ ತಪ್ಪು. ಬದಲಿಸುವ ಮುನ್ನ ಅಳೆದಿದ್ದರೆ ಮಾತ್ರ ಆ ನಿರ್ಣಯಕ್ಕೆ ಅರ್ಥ.

ಅಳೆಯುವುದಕ್ಕೂ ಮೊದಲು ಯೋಚಿಸಬೇಕಾದದ್ದು, ಯಾವುವು ಒಟ್ಟಿಗೆ ಸಾಯುತ್ತವೆ, ಯಾವಾಗ ಸಾಯುತ್ತವೆ ಎಂಬುದು. ಜಿಪಿಎಸ್ ಒಂದೇ ಆರಿ ಉಳಿದವು ನಡೆಯುತ್ತಿದ್ದರೆ ಬ್ಯಾಟರಿಯ ಬಳಿ ಹೋಗುವ ಅಗತ್ಯವೇ ಇಲ್ಲ. ದೋಷ ಆ ಉಪಕರಣದ ಸ್ವಂತ ಕವಲಿನಲ್ಲಿದೆ. ಎಲ್ಲವೂ ಒಮ್ಮೆಲೇ ಆರಿದರೆ ಎಲ್ಲಕ್ಕೂ ಸಮಾನವಾದ ಜಾಗಗಳನ್ನು ನೋಡಬೇಕು: ಮುಖ್ಯ ಸ್ವಿಚ್ಚು, ಮುಖ್ಯ ಫ್ಯೂಸು, ಮತ್ತು ಬಹುತೇಕ ಮರೆತೇಹೋಗುವ, ಋಣ ತಂತಿಗಳೆಲ್ಲ ಬಂದು ಸೇರುವ ಬೋಲ್ಟು. ಎಂಜಿನ್ ಸ್ಟಾರ್ಟು ಮಾಡುವ ಕ್ಷಣದಲ್ಲಿ ಮಾತ್ರ ಉಪಕರಣಗಳು ಆರಿ ಮತ್ತೆ ಹೊತ್ತಿಕೊಂಡರೆ, ಸೆಲ್ಫ್ ಮೋಟರು ನೂರಾರು ಆಂಪಿಯರ್ ಎಳೆದು ಬ್ಯಾಟರಿಯನ್ನು 10 ವೋಲ್ಟಿಗೂ ಕೆಳಗೆ ತಳ್ಳುತ್ತಿದೆ ಎಂದರ್ಥ. ಇದು ಉಪಕರಣದ ದೋಷವಲ್ಲ, ಸ್ಟಾರ್ಟಿಂಗಿಗೂ ಉಪಕರಣಗಳಿಗೂ ಒಂದೇ ಬ್ಯಾಟರಿ ಇಟ್ಟಿರುವುದರ ಫಲ. ಅಲೆ ಬಡಿದಾಗ ಆರುವುದು ಸಡಿಲ ಜೋಡಣೆಯಿಂದ. ಬೆಳಗಿನ ಜಾವದ ಹೊತ್ತಿಗೆ ಮಂಕಾಗುವುದು ಎಂಜಿನ್ ನಿಲ್ಲಿಸಿ ಲಂಗರು ಹಾಕಿದ್ದಾಗ ದೀಪಗಳು ರಾತ್ರಿಯಿಡೀ ಬ್ಯಾಟರಿ ತಿಂದದ್ದರಿಂದ. ಗುಂಡಿ ಒತ್ತಿದಾಗ ಆರುವುದು ಆಗಲೇ ಲೆಕ್ಕ ಹಾಕಿದ ರೋಧದಿಂದ. ಮಲ್ಟಿಮೀಟರು ಕೈಗೆ ಬರುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಉಳಿದರ್ಧಕ್ಕೆ ಮೀಟರು ಬೇಕು, ಅದನ್ನು ಬಳಸುವ ಕ್ರಮವೂ ಬೇಕು. ಉಪಕರಣದ ಪ್ಲಗ್ಗನ್ನು ಬಿಚ್ಚಿ, ಬಿಚ್ಚಿದ ತುದಿಯಲ್ಲಿ ಮೀಟರಿಟ್ಟು, 12.5 ವೋಲ್ಟ್ ಕಂಡು, 'ಕರೆಂಟ್ ಬರ್ತಿದೆ, ಸೆಟ್ಟೇ ಹೋಗಿದೆ' ಎಂದು ತೀರ್ಪು ಕೊಡುವುದು ಸಾಮಾನ್ಯ. ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಎಳೆಯಲ್ಲಿ ನೇತಾಡುತ್ತಿರುವ ತಂತಿಯೂ ಮೀಟರಿಗೆ ಪೂರ್ತಿ 12.5 ತೋರಿಸುತ್ತದೆ. ಆದ್ದರಿಂದ ಉಪಕರಣ ಜೋಡಿಸಿಯೇ ಇರಬೇಕು, ಹಚ್ಚಿರಬೇಕು, ವೈರ್‌ಲೆಸ್ಸಾದರೆ ಬಳಕೆಯಲ್ಲಿಲ್ಲದ ಚಾನೆಲ್ಲಿನಲ್ಲಿ ಒಂದು ಕ್ಷಣ ಗುಂಡಿ ಒತ್ತಿರಬೇಕು. ತುರ್ತು ಕರೆಗೆ ಮೀಸಲಾದ 16ನೇ ಚಾನೆಲ್ಲಿನಲ್ಲಿ ಈ ಪರೀಕ್ಷೆ ಸಲ್ಲದು. ಆ ಸ್ಥಿತಿಯಲ್ಲಿ ಬ್ಯಾಟರಿಯ ಮೊಳೆಗಳ ಮೇಲೆ ಒಮ್ಮೆ, ಉಪಕರಣದ ಹಿಂಬದಿಯಲ್ಲಿ ಒಮ್ಮೆ ಅಳೆದು ವ್ಯತ್ಯಾಸ ನೋಡಬೇಕು. ದೋಣಿ ವೈರಿಂಗಿಗೆ ಹೊರದೇಶಗಳಲ್ಲಿ ಒಪ್ಪಿರುವ ಮಾನದಂಡ, ಸಂಪರ್ಕ ಮತ್ತು ನೌಕಾಯಾನದ ಉಪಕರಣಗಳಿಗೆ ಶೇ. 3ರಷ್ಟು ನಷ್ಟ, ಎಂದರೆ 12 ವೋಲ್ಟಿನಲ್ಲಿ 0.36. ಅದನ್ನು ಮೀರಿದ್ದರೆ ನಷ್ಟ ಎಲ್ಲಿದೆಯೆಂದು ಹುಡುಕುವುದು ಸುಲಭ: ಮೀಟರಿನ ಒಂದು ಕಡ್ಡಿ ಜೋಡಣೆಯ ಈಚೆ, ಇನ್ನೊಂದು ಆಚೆ. ಸರಿಯಾದ ಜೋಡಣೆ ಸೊನ್ನೆಯ ಹತ್ತಿರ ತೋರಬೇಕು. ಫ್ಯೂಸಿನ ಎರಡು ತುದಿಗಳ ನಡುವೆ 12 ವೋಲ್ಟ್ ಕಂಡರೆ ಅದು ಹೋಗಿದೆ. ಅರ್ಧ ವೋಲ್ಟ್ ಕಂಡರೆ ಒಳಗಿನ ತಂತಿ ನೆಟ್ಟಗಿದ್ದರೂ ಹಿಡಿಕೆಯ ಸ್ಪ್ರಿಂಗು ತುಕ್ಕು ಹಿಡಿದಿದೆ. ಗಾಜಿನ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ 'ಸರಿಯಿದೆ' ಎನ್ನುವ ಪರೀಕ್ಷೆಗೆ ಈ ಎರಡನೆಯ ದೋಷ ಎಂದೂ ಸಿಗುವುದಿಲ್ಲ. ಹಾಗೆಯೇ ಅಳತೆಯನ್ನು ಧನ ತಂತಿಗೆ ಮಾತ್ರ ಸೀಮಿತಗೊಳಿಸಬಾರದು. ವಿದ್ಯುತ್ತು ಹೋದಷ್ಟೇ ವಾಪಸ್ ಬರಬೇಕು. ಋಣದ ಹಾದಿಯಲ್ಲಿ ಸ್ವಿಚ್ಚೂ ಫ್ಯೂಸೂ ಇರದ ಕಾರಣ ಅಲ್ಲಿ ದೋಷವಿರಲಾರದೆಂದು ಭಾವಿಸುತ್ತಾರೆ, ಹಾಗಾಗಿಯೇ ಅಲ್ಲಿನ ಕಿಲುಬು ವರ್ಷಗಟ್ಟಲೆ ಬದುಕುತ್ತದೆ.

ಬ್ಯಾಟರಿಯೇ ನಿಜವಾಗಿ ಸೋಲುವುದು ಉಂಟು, ಅದನ್ನು ಅಲ್ಲಗಳೆಯುವಂತಿಲ್ಲ. ಸೀಸ-ಆಮ್ಲದ 12 ವೋಲ್ಟ್ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಕೆಲವು ಗಂಟೆ ಸುಮ್ಮನಿದ್ದ ಮೇಲೆ 12.6 ಅಥವಾ ತುಸು ಹೆಚ್ಚು ತೋರಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 11.9ಕ್ಕೆ ಬಂದರೆ ಬರಿದಾದಂತೆ. 10.5ರ ಆಸುಪಾಸಿನಲ್ಲೇ ನಿಂತು ಎಷ್ಟು ಚಾರ್ಜು ಮಾಡಿದರೂ ಮೇಲೇಳದಿದ್ದರೆ ಒಂದು ಕೋಶ ಸತ್ತಿದೆ. ಎಂಜಿನ್ ನಿಲ್ಲಿಸಿದ ಕೂಡಲೇ ಅಳೆದರೆ 13ರ ಹತ್ತಿರ ಕಾಣುವುದು ಮೇಲ್ಮೈ ಚಾರ್ಜಿನ ಭ್ರಮೆ. ಆದರೆ ಇಲ್ಲಿಯೂ ಸೋತ ಬ್ಯಾಟರಿ ಮೂಲ ಕಾರಣವೋ ಪರಿಣಾಮವೋ ಎಂದು ಕೇಳಿಕೊಳ್ಳಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಕಾಣದಿದ್ದರೆ ಆಲ್ಟರ್ನೇಟರೋ ಅದರ ಬೆಲ್ಟೋ ಕೈಕೊಟ್ಟಿದೆ. ಹೊಸ ಬ್ಯಾಟರಿಯೂ ಎರಡು ದಿನಕ್ಕೆ ಮಲಗುತ್ತದೆ. 24 ವೋಲ್ಟಿನ ದೋಣಿಗಳಲ್ಲಿ ಇನ್ನೊಂದು ಅಡ್ಡದಾರಿ ಇದೆ. ಸರಣಿಯಲ್ಲಿ ಜೋಡಿಸಿದ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ವೈರು ಎಳೆದು 12 ವೋಲ್ಟಿನ ಉಪಕರಣಗಳನ್ನು ನಡೆಸುವುದು. ಖರ್ಚಿಲ್ಲದ ಉಪಾಯ. ಒಂದು ಬ್ಯಾಟರಿ ದಿನವೂ ಖಾಲಿಯಾಗುತ್ತದೆ, ಇನ್ನೊಂದು ತುಂಬಿಯೇ ಇರುತ್ತದೆ; ಚಾರ್ಜು ಮಾಡುವ ಯಂತ್ರಕ್ಕೆ ಕಾಣುವುದು ಎರಡರ ಮೊತ್ತ ಮಾತ್ರ. ಹಾಗಾಗಿ ಖಾಲಿಯಾದದ್ದು ಎಂದೂ ಪೂರ್ತಿ ತುಂಬುವುದಿಲ್ಲ, ತುಂಬಿದ್ದು ಅತಿಯಾಗಿ ಚಾರ್ಜಾಗಿ ನೀರು ಕಳೆದುಕೊಳ್ಳುತ್ತದೆ, ಕೊನೆಗೆ ಎರಡೂ ಅವಧಿಗೆ ಮುನ್ನ ಕೆಡುತ್ತವೆ. 24ನ್ನು 12ಕ್ಕೆ ಇಳಿಸುವ ಡಿಸಿ ಪರಿವರ್ತಕ ಇಟ್ಟರೆ ಈ ತಾಪತ್ರಯವಿಲ್ಲ. ಇಲ್ಲೂ ತಪ್ಪು ಬ್ಯಾಟರಿಯದಲ್ಲ, ಅದರಿಂದ ಹೊರಡುವ ಹಾದಿಯನ್ನು ಹಾಕಿದ ರೀತಿಯದು.

ಈಗಿನ ಉಪಕರಣಗಳು 10ರಿಂದ 30 ವೋಲ್ಟಿನವರೆಗೆ ಏನು ಕೊಟ್ಟರೂ ನಡೆಯುತ್ತವೆ, ಹಾಗಿರುವಾಗ ಒಂದು ವೋಲ್ಟಿನ ನಷ್ಟಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂಬುದು ತಿಳಿದವರೇ ಎತ್ತುವ ಆಕ್ಷೇಪ. ಇಂಥ ಉಪಕರಣ ಬೇಡುವುದು ನಿಶ್ಚಿತ ಶಕ್ತಿಯನ್ನು. 10 ವಾಟಿನ ಪರದೆ 12 ವೋಲ್ಟಿನಲ್ಲಿ 0.83 ಆಂಪಿಯರ್ ಎಳೆದರೆ 10 ವೋಲ್ಟಿನಲ್ಲಿ ಪೂರ್ತಿ 1 ಆಂಪಿಯರ್ ಎಳೆಯುತ್ತದೆ. ವೋಲ್ಟೇಜು ಇಳಿದಂತೆ ಕರೆಂಟು ಏರುತ್ತದೆ, ಕರೆಂಟು ಏರಿದಂತೆ ಕೆಟ್ಟ ಜೋಡಣೆಯಲ್ಲಿ ನಷ್ಟವೂ ಬಿಸಿಯೂ ಹೆಚ್ಚುತ್ತವೆ. ವಿಶಾಲ ವ್ಯಾಪ್ತಿಯ ಉಪಕರಣ ದೋಷವನ್ನು ವಾಸಿ ಮಾಡುವುದಿಲ್ಲ, ಅದು ಬೆಳೆದು ದೊಡ್ಡದಾಗುವವರೆಗೆ ಮುಚ್ಚಿಡುತ್ತದೆ. ಲಿಥಿಯಂ ಬ್ಯಾಟರಿ ಹಾಕಿಸಿದರಾಯಿತು ಎನ್ನುವವರಿಗೂ ಇದೇ ಉತ್ತರ ಸಲ್ಲುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ದೀರ್ಘಾಯು. ಆದರೆ ಬಹುಪಾಲು ಖಾಲಿಯಾಗುವವರೆಗೂ 13ರ ಆಸುಪಾಸಿನಲ್ಲೇ ನಿಂತು, ಕೊನೆಗೆ ಒಳಗಿನ ರಕ್ಷಣಾ ಮಂಡಲ ಒಮ್ಮೆಲೇ ಕತ್ತರಿಸುತ್ತದೆ. ಸೀಸದ ಬ್ಯಾಟರಿ ಮಂಕಾಗುತ್ತಾ ಕೊಡುತ್ತಿದ್ದ ಎಚ್ಚರಿಕೆ ಇಲ್ಲಿಲ್ಲ. ಮೊಬೈಲ್ ಇದೆಯಲ್ಲ ಎಂಬ ಮಾತಂತೂ ದಡದಿಂದ ಕೆಲವು ಕಿಲೋಮೀಟರ್‌ವರೆಗೆ ಮಾತ್ರ ನಿಲ್ಲುತ್ತದೆ. ಅದಕ್ಕಿಂತ ಆಚೆ ಮೊಬೈಲು ಉಪಗ್ರಹ ಸಾಧನದ ಪರದೆಯಾಗಿ ಉಪಯೋಗಕ್ಕೆ ಬರಬಹುದು, ಅದನ್ನು ಚಾರ್ಜು ಮಾಡಬೇಕಾದದ್ದು ಅದೇ ಬ್ಯಾಟರಿಯಿಂದ, ಅದೇ ವೈರಿನಿಂದ.

ಇವುಗಳಿಗಿಂತ ಗಟ್ಟಿಯಾದ ಆಕ್ಷೇಪ ಸಮಯದ್ದು. ತಾಂಡೇಲನಿಗೆ ಡೀಸೆಲ್ಲು, ಐಸು, ಬಲೆ, ದೋಣಿಯಲ್ಲಿ ದುಡಿಯುವ ಕಲಾಸಿಗಳ ಪಾಲು, ಹವಾಮಾನ, ಮೀನಿನ ದರ ಇವೇ ಸಾಕಷ್ಟಿರುವಾಗ ಮಿಲಿವೋಲ್ಟುಗಳನ್ನು ಅಳೆಯುತ್ತಾ ಕೂರಲಾಗದು. ಬಂದರಿನ ಮೆಕ್ಯಾನಿಕ್ಕಿಗೂ ಒಂದು ದೋಣಿಯಲ್ಲಿ ಅರ್ಧ ದಿನ ಕಳೆಯುವುದಕ್ಕಿಂತ ಪೆಟ್ಟಿಗೆ ಬದಲಿಸುವುದೇ ಲಾಭ. ಋತುವಿನ ನಡುವೆ ಈ ಆಕ್ಷೇಪ ನ್ಯಾಯವಾದದ್ದೇ. ಆದರೆ ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದಲ್ಲಿರುತ್ತದೆ. ಆ ಅವಧಿಯಲ್ಲಿ ಎಂಜಿನ್ ಬಿಚ್ಚುತ್ತಾರೆ, ಬಣ್ಣ ಬಳಿಯುತ್ತಾರೆ, ಬಲೆ ಹೊಲಿಯುತ್ತಾರೆ. ವೈರಿಂಗು ಮಾತ್ರ ಹೋದ ಋತುವಿನಲ್ಲಿದ್ದಂತೆಯೇ ಉಳಿಯುತ್ತದೆ. ದೋಣಿ ನಿಂತಿರುವ ಎರಡು ತಿಂಗಳು ವೈರಿಂಗಿನ ಪಾಲಿಗೆ ವರ್ಷದ ಅತಿ ಕೆಟ್ಟ ಕಾಲವೂ ಹೌದು. ಮಳೆ, ತೇವ, ಮುಚ್ಚಿದ ಕ್ಯಾಬಿನ್ನು; ಚಾರ್ಜಿಲ್ಲದೆ ಬಿಟ್ಟ ಬ್ಯಾಟರಿ ತಾನಾಗಿ ಇಳಿಯುತ್ತಾ ಹೋಗಿ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗುತ್ತದೆ. ಆಗಸ್ಟಿನಲ್ಲಿ ಮೊದಲ ಸಲ ಅಳಿವೆ ದಾಟುವಾಗ, ಕಡಲಿನ್ನೂ ಒರಟಾಗಿರುವಾಗ, ಉಪಕರಣಗಳು ತಕರಾರು ತೆಗೆದರೆ ಅದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ನಿಷೇಧದ ಅವಧಿಯಲ್ಲಿ ಮಾಡಬೇಕಾದ ಕೆಲಸ ದುಬಾರಿಯದಲ್ಲ. ಬ್ಯಾಟರಿಯನ್ನು ಕಳಚಿ ಮನೆಗೋ ಶೆಡ್ಡಿಗೋ ಒಯ್ದು ತಿಂಗಳಿಗೊಮ್ಮೆಯಾದರೂ ಪೂರ್ತಿ ಚಾರ್ಜು ಮಾಡಬೇಕು. ವೈರ್‌ಲೆಸ್ಸಿಗೆ ಹೋಗುವ 1.5 ಚದರ ಮಿ.ಮೀ. ತಂತಿಯ ಬದಲು 6 ಚದರ ಮಿ.ಮೀ. ಹಾಕಿದರೆ ಮೇಲಿನ ಲೆಕ್ಕದ 1.4 ವೋಲ್ಟ್ ನಷ್ಟ 0.4ರ ಒಳಗೆ ಬರುತ್ತದೆ. ತಂತಿ ತವರ ಲೇಪಿಸಿದ, ಹಲವು ಎಳೆಗಳ ತಾಮ್ರದ್ದಾಗಿರಬೇಕು. ಮನೆಯ ವೈರಿಂಗಿಗೆಂದು ಮಾರುವುದು ಕಡಲಿಗೆ ಬಾಳದು. ತುದಿಗಳನ್ನು ಬೆಸುಗೆಗಿಂತ ಸರಿಯಾದ ಇಕ್ಕಳದಿಂದ ಒತ್ತಿ ಕೂರಿಸಿ, ಅಂಟು ಇರುವ ಕುಗ್ಗುಕೊಳವೆಯಿಂದ ಮುಚ್ಚಬೇಕು. ಫ್ಯೂಸು ಇರಬೇಕಾದದ್ದು ಉಪಕರಣದ ಬಳಿಯಲ್ಲಷ್ಟೇ ಅಲ್ಲ, ಬ್ಯಾಟರಿಯಿಂದ ಗೇಣಿನಷ್ಟು ದೂರದಲ್ಲೂ. ಏಕೆಂದರೆ ಫ್ಯೂಸಿಗೆ ಮುಂಚಿನ ತಂತಿ ಎಲ್ಲಿ ಉಜ್ಜಿ ಹರಿದರೂ ಬೆಂಕಿಯನ್ನು ತಡೆಯುವುದು ಯಾವುದೂ ಇರುವುದಿಲ್ಲ. ಹೋದ 3 ಆಂಪಿಯರ್ ಫ್ಯೂಸಿನ ಜಾಗಕ್ಕೆ ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತಿ ದಡ ಸೇರಿದವರು ಜಾಣರೆನಿಸಿಕೊಳ್ಳಬಹುದು, ಮರದ ದೋಣಿಯಲ್ಲಿ ಅದು ಬಲು ತುಟ್ಟಿಯ ಜಾಣತನ. ತಳದಲ್ಲಿ ನಿಂತ ನೀರಿಗೆ ಧನ ತಂತಿಯ ಸೋರಿಕೆಯಿದ್ದರೆ ಬ್ಯಾಟರಿ ಇಳಿಯುವುದರ ಜೊತೆಗೆ ನೀರಿನೊಳಗಿನ ಲೋಹದ ಭಾಗಗಳೂ ಸವೆಯುತ್ತವೆ. ಎಲ್ಲವನ್ನೂ ಆರಿಸಿದ ಮೇಲೂ ಮೀಟರಿನಲ್ಲಿ ಕರೆಂಟು ಕಾಣುತ್ತಿದ್ದರೆ ಮೊದಲು ಅಲ್ಲಿ ನೋಡಬೇಕು.

ಕಡಲಿನ ನಡುವೆ ದೋಷ ಕಂಡಾಗ ಮಾಡಬಹುದಾದದ್ದು ಸ್ವಲ್ಪವೇ. ಬೇಡದ ದೀಪ, ಫ್ಯಾನುಗಳನ್ನು ಆರಿಸುವುದು, ಎಂಜಿನ್ ಓಡಿಸಿ ವೋಲ್ಟೇಜು ಏರಿಸುವುದು, ಜೋಡಣೆಗಳನ್ನು ಒಂದೊಂದಾಗಿ ಕೈಯಲ್ಲಿ ಅಲುಗಿಸಿ ನೋಡುವುದು, ಬಿಸಿಯಾಗಿರುವುದನ್ನು ಕಳಚಿ ಉಜ್ಜಿ ಬಿಗಿಯುವುದು. ವೈರ್‌ಲೆಸ್ 25 ವಾಟಿನಲ್ಲಿ ಆರಿಹೋಗುತ್ತಿದ್ದರೆ ಅದನ್ನು 1 ವಾಟಿಗೆ ಇಳಿಸಿದರೆ ಎಳೆಯುವ ಕರೆಂಟು ನಾಲ್ಕನೆಯ ಒಂದು ಭಾಗದಷ್ಟಾಗುತ್ತದೆ. ದಡಕ್ಕೆ ತಲುಪದಿದ್ದರೂ ಹತ್ತಿರದ ದೋಣಿಗೆ ಮಾತು ಮುಟ್ಟುತ್ತದೆ, ಆ ದೋಣಿ ಸುದ್ದಿಯನ್ನು ಮುಂದೆ ದಾಟಿಸಬಲ್ಲದು. ತಾಮ್ರದ ಮೇಲಿನ ಕಿಲುಬನ್ನು ಕೆರೆಯಲು ಬಲೆ ಕತ್ತರಿಸುವ ಚಾಕು ಸಾಕು.

ಟ್ರಾನ್ಸ್‌ಪಾಂಡರ್ ಹಂಚುವ ಯೋಜನೆಗಳು ಪೆಟ್ಟಿಗೆಗಳ ಸಂಖ್ಯೆಯನ್ನು ಎಣಿಸುತ್ತವೆ. ಅಳವಡಿಸಿದ ದಿನ, ಹೊರೆಯಿರುವಾಗ ಆ ಪೆಟ್ಟಿಗೆಗೆ ಎಷ್ಟು ವೋಲ್ಟೇಜು ತಲುಪುತ್ತಿದೆ ಎಂಬ ಒಂದು ಅಂಕೆಯನ್ನು ದೋಣಿಯ ದಾಖಲೆಯಲ್ಲಿ ಬರೆಸಿ, ಪ್ರತಿ ವರ್ಷ ನಿಷೇಧದ ಅವಧಿ ಮುಗಿಯುವ ಮುನ್ನ ಅದನ್ನು ಮತ್ತೆ ಅಳೆಸುವುದು ಮೀನುಗಾರಿಕಾ ಇಲಾಖೆಗೂ ಮೀನುಗಾರರ ಸಂಘಗಳಿಗೂ ಭಾರವಾಗದ ಕೆಲಸ. ಈ ಅಂಕೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಉಪಕರಣ ಕೈಕೊಡುವ ಮೊದಲೇ ಹಾದಿಯ ದೋಷ ಗೊತ್ತಾಗುತ್ತದೆ. ಇಷ್ಟೆಲ್ಲ ಮಾಡಿದರೂ ಕಡಲಲ್ಲಿ ತುರ್ತು ಸಂದರ್ಭ ಬಂದರೆ ವಿಎಚ್‌ಎಫ್ 16ನೇ ಚಾನೆಲ್ಲಿನಲ್ಲಿ ಕರೆಯಬೇಕು. ಫೋನು ಸಿಗುವ ದೂರದಲ್ಲಿದ್ದರೆ ಕೋಸ್ಟ್ ಗಾರ್ಡಿನ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093.